ಅಕ್ಕನ ಟ್ರಂಕಿನ ಚಿತ್ರಕಥೆಗಳು

ಕಳೆದ ಶ್ರಾವಣದಲ್ಲಿ ರಾಮದುರ್ಗದಿಂದ ಬೈಲಹೊಂಗಲದ ನಮ್ಮ ಮನೆಗೆ ಒಂದು ತಗಡಿನ ಟ್ರಂಕು ಬಂದಿತು. ಅದು ಲಿಂಗೈಕ್ಯಳಾದ ನನ್ನ ಅಕ್ಕನದು. ಅವಳ ಮೊಮ್ಮಗ ಅದನ್ನು ತಂದು ಪಡಸಾಲೆಯಲ್ಲಿಟ್ಟು, "ಅಜ್ಜಾ, ಇವು ನಿಮ್ಮ ಪುಸ್ತಕ ಅಂತ್ರಿ" ಎಂದನು. ಒಳಗಿದ್ದವು ವಚನಗಳೂ ಅಲ್ಲ, ಪುರಾಣಗಳೂ ಅಲ್ಲ. ನಲವತ್ತಕ್ಕೂ ಮಿಕ್ಕಿದ ಚಿತ್ರಕಥೆಯ ಪುಸ್ತಕಗಳು. ಮಠದಲ್ಲಿ ಬೆಳೆದು ಸಂಸ್ಕೃತ ಓದಿದವನ ಹೆಸರಿನಲ್ಲಿ ಇಂಥ ಗಂಟು ಹೊರಟಿತೇ ಎಂದು ವಾಚಕ ಬಂಧುಗಳು ನಗಬಹುದು. ನಗಲಿ.

ಶ್ರೀಮಠದ ಪ್ರಸಾದ ನಿಲಯದಿಂದ ರಜೆಗೆ ಊರಿಗೆ ಬಂದಾಗಲೆಲ್ಲ ನಾನು ಇವುಗಳನ್ನು ಕೊಂಡು ತರುತ್ತಿದ್ದೆ. ಸವದತ್ತಿಯ ಯಲ್ಲಮ್ಮನ ಗುಡ್ಡದ ಜಾತ್ರೆಯಲ್ಲಿ ಗೋಣಿತಾಟಿನ ಮೇಲೆ ಹಳೆಯ ಪುಸ್ತಕ ಹರಡಿಕೊಂಡು ಕೂಡುವವರು ನಾಲ್ಕಾಣೆ, ಎಂಟಾಣೆಗೆ ಕೊಡುತ್ತಿದ್ದರು. ಅಕ್ಕ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಅಕ್ಷರಗಳು ಅವಳಿಗೆ ಮರೆತೇಹೋಗುತ್ತಿದ್ದ ಕಾಲದಲ್ಲಿ ಈ ಚಿತ್ರಗಳೇ ಕೈಹಿಡಿದು ಓದಿಸಿದವು. ಒಲೆಯ ಮುಂದೆ ಕುಳಿತು, ರೊಟ್ಟಿಯ ಹಿಟ್ಟಿನ ಕೈಯಲ್ಲಿಯೇ ಹಾಳೆ ತಿರುವುತ್ತಿದ್ದಳು. ಪ್ರತಿಯೊಂದು ಹೊದಿಕೆಯ ಮೇಲೂ ನೀಲಿ ಮಸಿಯಲ್ಲಿ ತನ್ನ ಹೆಸರನ್ನು ಸೊಟ್ಟಸೊಟ್ಟಾಗಿ ಬರೆದಿದ್ದಾಳೆ.

ನಾಡಿನಲ್ಲೆಲ್ಲ ಹೆಸರಾದ ಅಮರ ಚಿತ್ರ ಕಥೆ ಮಾಲೆಯ ಮೂಲ ಕನ್ನಡದಲ್ಲಿದೆ ಎಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿದಿಲ್ಲ. ೧೯೬೫ರ ಸುಮಾರಿಗೆ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಮೊದಲ ಹತ್ತು ಪುಸ್ತಕಗಳು ಕನ್ನಡದಲ್ಲಿಯೇ ಹೊರಬಂದವು. ಅವು ಸಿಂಡರೆಲಾಳಂಥ ಪಶ್ಚಿಮದ ಮಕ್ಕಳ ಕಥೆಗಳು. ಅನಂತ ಪೈ ಅವರ ಸಂಪಾದಕತ್ವದಲ್ಲಿ ಬಂದ 'ಕೃಷ್ಣ'ದ ಕ್ರಮಸಂಖ್ಯೆ ಹನ್ನೊಂದಾಗಿರುವುದು ಆ ಕಾರಣದಿಂದಲೇ. ಆ ಮೊದಲ ಹತ್ತರಲ್ಲಿ ಒಂದೂ ಅಕ್ಕನ ಟ್ರಂಕಿನಲ್ಲಿರಲಿಲ್ಲ. ಇದ್ದಿದ್ದರೆ ಒಳ್ಳೆಯ ಬೆಲೆ ಬರುತ್ತಿತ್ತೆಂದು ಮೊಮ್ಮಗ ಹಳಹಳಿಸಿದನು.

ಬೆಲೆಯ ಮಾತು ಬಂದದ್ದರಿಂದ ಅವನು ಹೇಳಿದ ವಿಷಯವನ್ನು ಇಲ್ಲಿ ಬರೆಯಬೇಕು. ಅಮೆರಿಕದಲ್ಲಿ ಹಳೆಯ ಚಿತ್ರಕಥೆಗಳ ಸ್ಥಿತಿಯನ್ನು ಪರೀಕ್ಷಿಸುವುದೇ ಒಂದು ಉದ್ಯೋಗವಾಗಿದೆ. ೨೦೦೦ರಲ್ಲಿ ಅದಕ್ಕೆಂದೇ ಸಿ.ಜಿ.ಸಿ. ಎಂಬ ಸಂಸ್ಥೆ ಆರಂಭವಾಯಿತು. ಒಬ್ಬರಿಗಿಂತ ಹೆಚ್ಚು ಪರೀಕ್ಷಕರು ಪುಸ್ತಕವನ್ನು ನೋಡುತ್ತಾರೆ: ಬೆನ್ನು ಮುರಿದಿದೆಯೇ, ಪಿನ್ನು ತುಕ್ಕು ಹಿಡಿದಿದೆಯೇ, ಮೂಲೆ ಮಡಚಿದೆಯೇ, ಹಾಳೆ ಬಿಳಿಯಾಗಿ ಉಳಿದಿದೆಯೋ ಕೆನೆಬಣ್ಣಕ್ಕೆ ತಿರುಗಿದೆಯೋ. ಹತ್ತು ಅಂಕಗಳ ಅಳತೆಯಲ್ಲಿ ತೀರ್ಪು ಕೊಟ್ಟು ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುದ್ರೆ ಹಾಕುತ್ತಾರೆ. ೧೯೩೮ರಲ್ಲಿ ಹತ್ತು ಸೆಂಟಿಗೆ ಮಾರಾಟವಾದ, ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ಸಂಚಿಕೆಯ ಒಂದು ಪ್ರತಿಗೆ ಒಂಬತ್ತು ಅಂಕ ಸಿಕ್ಕಿತ್ತು. ೨೦೧೪ರಲ್ಲಿ ಅದು ಮೂವತ್ತೆರಡು ಲಕ್ಷ ಡಾಲರಿಗೆ ಹೋಯಿತು. ಮಕ್ಕಳು ಓದಿ ಹರಿದದ್ದರಿಂದ, ಯುದ್ಧಕಾಲದಲ್ಲಿ ರದ್ದಿಗೆ ಹೋದದ್ದರಿಂದ ಉಳಿದವು ಕೆಲವೇ. ಮುದ್ರೆ ಒಡೆದು ಪುಸ್ತಕ ತೆಗೆದರೆ ಆ ತೀರ್ಪು ಅಸಿಂಧುವಂತೆ. ಓದಲು ಬಾರದ ಪುಸ್ತಕಕ್ಕೆ ಅಷ್ಟು ಹಣವೇ ಎಂದು ನಾನು ಕೇಳಿದೆ.

"ನಿಮ್ಮ ಮಠದಾಗ ಕೆಂಪು ಅರಿವ್ಯಾಗ ಕಟ್ಟಿಟ್ಟ ಕಟ್ಟು ಯಾರು ಓದ್ತಾರ್ರಿ?" ಎಂದನು ಹುಡುಗ. ಉತ್ತರ ಹೊಳೆಯಲಿಲ್ಲ.

ಅನಂತರ ಅವನು ಅಕ್ಕನ ಪುಸ್ತಕಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದನು. ಹೆಸರು ಬರೆದದ್ದಕ್ಕೆ ಅಂಕ ಕಡಿತ, ಹಿಟ್ಟಿನ ಕಲೆಗೆ ಕಡಿತ. ಹರಿದ ಬೆನ್ನಿಗೆ ಸೆಲೋಟೇಪು ಹಚ್ಚಿದ ಪುಸ್ತಕವೊಂದನ್ನು ಕೆಳಗಿಟ್ಟು, "ಇದಂತೂ ಹಾಳಾತ್ರಿ. ಟೇಪಿನ ಅಂಟು ಹಾಳಿಯೊಳಗ ಇಳೀತೈತಿ. ರಿಪೇರಿ ಮಾಡಿದ್ದನ್ನ ಅವರು ಚೀಟಿ ಮ್ಯಾಲೆ ಬರದೇ ಬರೀತಾರ, ಮುಚ್ಚಿಡಾಕ ಬರಂಗಿಲ್ಲ" ಎಂದನು.

ಆ ಮಾತು ನನ್ನನ್ನು ನಾಟಿತು. ಕಾರಣವನ್ನು ಇದುವರೆಗೆ ಯಾರ ಮುಂದೆಯೂ ಹೇಳಿರಲಿಲ್ಲ.

ಕಿತ್ತೂರು ಭಾಗ ವಚನಕಟ್ಟುಗಳ ಭಾಗ. ಕಲ್ಯಾಣದ ಕ್ರಾಂತಿಯ ತರುವಾಯ ಶರಣರು ಉಳವಿಯತ್ತ ಇದೇ ಹಾದಿಯಲ್ಲಿ ನಡೆದರೆಂಬುದು ಪರಂಪರೆಯ ನಂಬಿಕೆ, ಎಂ.ಕೆ. ಹುಬ್ಬಳ್ಳಿಯ ಮಲಪ್ರಭೆಯಲ್ಲಿ ಗಂಗಾಂಬಿಕೆಯವರ ಐಕ್ಯಸ್ಥಳವಿದೆ. ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ಓಲೆಗರಿ ಕೂಡಿಸಿ ೧೯೨೩ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರತಂದ ಮೇಲೆಯೂ ಎಷ್ಟೋ ಕಟ್ಟುಗಳು ಜಗಲಿಯ ಮೇಲೆ ಪೂಜೆಗೊಳ್ಳುತ್ತ ಉಳಿದವು. ೧೯೮೬ರಲ್ಲಿ ಅಂಥದೊಂದು ಮನೆಗೆ ಸೂಚಿ ಬರೆದುಕೊಳ್ಳಲು ಹೋಗಿದ್ದೆ. ನಮ್ಮಲ್ಲಿಯೂ ಸ್ಥಿತಿಪರೀಕ್ಷೆ ಉಂಟು: ಗರಿ ಎಷ್ಟು, ಪುಟಕ್ಕೆ ಪಂಕ್ತಿ ಎಷ್ಟು, ಸಮಗ್ರವೋ ಅಸಮಗ್ರವೋ, ಹುಳು ತಿಂದಿದೆಯೋ, ಅಂಚು ಮುಕ್ಕಾಗಿದೆಯೋ. ಎಣ್ಣೆ ಸವರಿ, ಕಾಡಿಗೆ ತೀಡಿ ಅಕ್ಷರ ಎಬ್ಬಿಸುವಾಗ ಒಂದು ಗರಿ ನನ್ನ ಕೈಯಲ್ಲಿಯೇ ಮುರಿಯಿತು. ಚೀಲದಲ್ಲಿದ್ದ ಸೆಲೋಟೇಪು ಹಚ್ಚಿ, ಕಟ್ಟು ಕಟ್ಟಿ ಕೊಟ್ಟುಬಿಟ್ಟೆ. ಆ ಮನೆಯ ತಾಯಿ ಅದನ್ನು ಕಣ್ಣಿಗೊತ್ತಿಕೊಂಡು ಜಗಲಿಗಿಟ್ಟರು. ನನ್ನ ಸೂಚಿಯಲ್ಲಿ "ಸ್ಥಿತಿ ಉತ್ತಮ" ಎಂದು ಬರೆದೆ.

ಹತ್ತು ವರ್ಷದ ಮೇಲೆ ಮತ್ತೆ ಬಿಚ್ಚಿದಾಗ ಟೇಪು ಹಳದಿಯಾಗಿ ಎದ್ದುಬಂದಿತ್ತು. ಅದರೊಡನೆ ಗರಿಯ ಮೇಲ್ಪದರವೂ ಎದ್ದು ಮೂರು ಪಂಕ್ತಿಗಳ ಕೊನೆ ಅಳಿದಿತ್ತು. ಹುಳು ತಿಂದಿದ್ದರೆ ತೂತು ಮಾತ್ರ ಬೀಳುತ್ತಿತ್ತು. ಪಾಠಾಂತರ ನೋಡಲು ಆ ವಚನಗಳ ಬೇರೆ ಪ್ರತಿ ನನಗೆ ಇಂದಿಗೂ ಸಿಕ್ಕಿಲ್ಲ. ಆಗಲೂ ಸುಮ್ಮನೆ ಕಟ್ಟಿಟ್ಟು ಬಂದೆ.

ಟ್ರಂಕು ಬಂದ ಮರುವಾರ ಕಿತ್ತೂರಿನ ಬಸ್ಸು ಹತ್ತಿದೆ. ಆ ತಾಯಿ ಈಗಿಲ್ಲ, ಸೊಸೆ ಇದ್ದಾರೆ. ಕಟ್ಟನ್ನು ಬಿಚ್ಚಿಸಿ, ಕೆಟ್ಟ ಗರಿಯನ್ನು ತೋರಿಸಿ, ಒಂದು ಚೀಟಿ ಬರೆದು ಜೊತೆಗಿಟ್ಟೆ: ೧೯೮೬ರಲ್ಲಿ ಈ ಗರಿಗೆ ಅಂಟು ಹಚ್ಚಿ ಅಕ್ಷರ ಕೆಡಿಸಿದವನು ನಾನು, ಹೆಸರು ಇಂಥದು, ಅಳಿದದ್ದು ಮೂರು ಪಂಕ್ತಿ. ಅವರು ಅದನ್ನು ಎರಡು ಸಲ ಓದಿದರು. "ಅತ್ತಿ ಇದ್ದಾಗ ಹೇಳಬೇಕಾಗಿತ್ತರೀ" ಎಂದಷ್ಟೇ ನುಡಿದು, ಬಜೆಯ ಬೇರು ಹೊಸದಾಗಿ ಹಾಕಿ ಕಟ್ಟು ಕಟ್ಟಿದರು. ಆಮೇಲೆ ಪ್ರಸಾದಕ್ಕೆ ಎಬ್ಬಿಸಿದರು.

ಅಕ್ಕನ ಪುಸ್ತಕಗಳಲ್ಲಿ ಹೆಸರಿಲ್ಲದ ಎರಡನ್ನು ಮೊಮ್ಮಗ ಮಾರಲು ಒಯ್ದಿದ್ದಾನೆ. ಉಳಿದವನ್ನು ತೆಳು ಅರಿವೆಯಲ್ಲಿ ಸುತ್ತಿ, ತುಕ್ಕು ಹಿಡಿದ ಪಿನ್ನು ತೆಗೆದು, ಬೇವಿನ ಎಲೆ ಹಾಕಿ ಇಟ್ಟಿದ್ದೇನೆ. ಟೇಪು ಹಚ್ಚಿದ್ದನ್ನು ಮಾತ್ರ ಮುಟ್ಟಿಲ್ಲ. ಅದನ್ನು ಹಚ್ಚಿದವಳು ಅಕ್ಕನೋ ನಾನೋ ಎಂಬುದು ನೆನಪಾಗುತ್ತಿಲ್ಲ.