ರಕ್ತ ಕೊಟ್ಟವನಿಗೆ ಬೀಗ

1989ರ ಫೆಬ್ರವರಿ 14. ಗೋವಾದ ಮಾಪುಸಾ ಪಟ್ಟಣಕ್ಕೆ ಹತ್ತಿರದ ಪರ್ರಾ ಎಂಬ ಹಳ್ಳಿಯ ಮನೆಯೊಂದಕ್ಕೆ ಪೊಲೀಸರು ಬಂದರು. ಅವರು ಹುಡುಕಿಕೊಂಡು ಬಂದದ್ದು ಕಳ್ಳನನ್ನಲ್ಲ, ಡೊಮಿನಿಕ್ ಡಿಸೋಜಾ ಎಂಬ ತರುಣನನ್ನು. ಆತ ಆಗಾಗ ರಕ್ತದಾನ ಮಾಡುತ್ತಿದ್ದವನು. ಹಾಗೆ ಕೊಟ್ಟ ರಕ್ತವನ್ನು ಪರೀಕ್ಷಿಸಿದಾಗ ಎಚ್.ಐ.ವಿ. ಸೋಂಕು ಇರುವುದು ಗೊತ್ತಾಗಿತ್ತು. ಇಂಥ ಸುದ್ದಿಯನ್ನು ವೈದ್ಯರು ಹತ್ತಿರ ಕೂರಿಸಿಕೊಂಡು, ಧೈರ್ಯ ತುಂಬಿ ಹೇಳಬೇಕಾಗಿತ್ತು. ಹಾಗಾಗಲಿಲ್ಲ. ಪೊಲೀಸರು ಆತನನ್ನು ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿಂದ, ಬಳಕೆ ತಪ್ಪಿದ್ದ ಹಳೆಯ ಕ್ಷಯರೋಗ ಆಸ್ಪತ್ರೆಯೊಂದರಲ್ಲಿ ಒಂಟಿಯಾಗಿ ಇರಿಸಿದರು. ಹೊರಗೆ ಕಾವಲು. ಹೀಗೆ ಕಳೆದದ್ದು 64 ದಿನ.

ಇದೆಲ್ಲ ನಡೆದದ್ದು ಕಾನೂನಿನ ಪ್ರಕಾರವೇ. ಗೋವಾದ ಸಾರ್ವಜನಿಕ ಆರೋಗ್ಯ ಕಾಯಿದೆಗೆ ಅದಕ್ಕೂ ಸ್ವಲ್ಪ ಮೊದಲು ತಿದ್ದುಪಡಿ ತಂದು, ಸೋಂಕು ಕಂಡುಬಂದವರನ್ನು ಪ್ರತ್ಯೇಕವಾಗಿ ಇರಿಸಲೇಬೇಕು ಎಂದು ವಿಧಿಸಲಾಗಿತ್ತು. ಅದನ್ನು ಬರೆದವರು ಕ್ರೂರಿಗಳೆಂದು ಭಾವಿಸಬೇಕಾಗಿಲ್ಲ, ಅವರು ಹೆದರಿದ್ದರು. ವೈರಸ್ಸನ್ನು ಗುರುತಿಸಿದ್ದೇ 1983ರಲ್ಲಿ. ರಕ್ತ ಪರೀಕ್ಷೆ ಬಂದದ್ದು 1985ರಲ್ಲಿ. ನಮ್ಮ ದೇಶದಲ್ಲಿ ಮೊದಲ ಪ್ರಕರಣಗಳು ಮದರಾಸಿನಲ್ಲಿ ಪತ್ತೆಯಾದದ್ದು 1986ರಲ್ಲಿ. ನಂಬಬಹುದಾದ ಔಷಧ ಇರಲಿಲ್ಲ. ಔಷಧವಿಲ್ಲದ ರೋಗಕ್ಕೆ ಬೀಗವೇ ಮದ್ದು ಎಂದು ಹೆದರಿದ ಮನಸ್ಸಿಗೆ ತೋರುವುದು ಸಹಜ.

ಆದರೆ ವಿಜ್ಞಾನದ ಪುಸ್ತಕವನ್ನು ಒಮ್ಮೆ ತೆರೆದು ನೋಡಿದ್ದರೂ ಸಾಕಿತ್ತು. ಕ್ಷಯ ಗಾಳಿಯಲ್ಲಿ ಹರಡುತ್ತದೆ. ರೋಗಿ ಕೆಮ್ಮಿದಾಗ ಹೊರಬೀಳುವ ಸೂಕ್ಷ್ಮ ಹನಿಗಳೊಡನೆ ಅದರ ರೋಗಾಣು ಮತ್ತೊಬ್ಬರ ಶ್ವಾಸಕೋಶ ಸೇರುತ್ತದೆ. ಆದ್ದರಿಂದ ಚಿಕಿತ್ಸೆ ಆರಂಭವಾಗುವವರೆಗೆ ರೋಗಿಯನ್ನು ಸ್ವಲ್ಪ ದೂರ ಇರಿಸುವುದಕ್ಕೆ ಅರ್ಥವಿದೆ. ಎಚ್.ಐ.ವಿ. ಹಾಗಲ್ಲ. ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕಿರುವ ರಕ್ತ, ಹಂಚಿಕೊಂಡ ಸೂಜಿ, ತಾಯಿಯಿಂದ ಮಗು: ಅದು ದಾಟುವ ಮುಖ್ಯ ದಾರಿಗಳು ಇವು. ಕೈಕುಲುಕಿದರೆ ಬಾರದು, ಒಂದೇ ತಟ್ಟೆಯಲ್ಲಿ ಉಂಡರೆ ಬಾರದು, ಸೊಳ್ಳೆ ಕಚ್ಚಿದರೂ ಬಾರದು. ಹಾಗಿರುವಾಗ ಆ ಗೋಡೆಗಳು ಯಾರನ್ನು ಯಾವುದರಿಂದ ಕಾಪಾಡಿದವು?

ಇನ್ನೊಂದು ವಿಷಯವಿದೆ. ಸಾಮಾನ್ಯ ಪರೀಕ್ಷೆ ಹುಡುಕುವುದು ಮುಖ್ಯವಾಗಿ ವೈರಸ್ಸಿನ ವಿರುದ್ಧ ದೇಹ ತಯಾರಿಸಿಕೊಳ್ಳುವ ಪ್ರತಿಕಾಯಗಳನ್ನು. ಅವು ಪರೀಕ್ಷೆಗೆ ಸಿಗುವಷ್ಟು ಪ್ರಮಾಣದಲ್ಲಿ ತಯಾರಾಗಲು ಕೆಲವು ವಾರಗಳು ಬೇಕು. ಆ ಅವಧಿಯಲ್ಲಿ ಸೋಂಕಿದ್ದವರ ಪರೀಕ್ಷೆಯೂ ‘ಇಲ್ಲ’ ಎಂದೇ ಹೇಳಬಹುದು. ಎಂದರೆ, ಸಿಕ್ಕವರನ್ನೆಲ್ಲ ಕೂಡಿಹಾಕಿದರೂ ಸಿಗದವರು ಹೊರಗೆ ಉಳಿದೇ ಉಳಿಯುತ್ತಾರೆ. ಎಲ್ಲಕ್ಕಿಂತ ದೊಡ್ಡ ಅಪಾಯ ಬೇರೆಯೇ. ರಕ್ತ ಕೊಟ್ಟವನ ಮನೆಗೆ ಪೊಲೀಸರು ಬಂದರೆಂಬ ಸುದ್ದಿ ಊರಿಂದೂರಿಗೆ ಹಬ್ಬಿದ ಮೇಲೆ ತಾನಾಗಿ ಪರೀಕ್ಷೆಗೆ ಯಾರು ಹೋದಾರು? ಹೆದರಿ ಮನೆಯಲ್ಲಿ ಕೂತವರ ಸೋಂಕು ಅವರಿಗೇ ಗೊತ್ತಾಗದೆ ಹೆಂಡತಿಗೂ ಹುಟ್ಟುವ ಮಗುವಿಗೂ ದಾಟುತ್ತದೆ. ರೋಗವನ್ನು ತಡೆಯಲು ಹುಟ್ಟಿದ ಕಾನೂನು ರೋಗಕ್ಕೇ ಮರೆಯಾಗಿ ನಿಂತಿತು.

ಮಗನ ಬಿಡುಗಡೆಗಾಗಿ ತಾಯಿ ಲೂಸಿ ಡಿಸೋಜಾ ಮುಂಬಯಿ ಹೈಕೋರ್ಟಿನ ಗೋವಾ ಪೀಠದ ಮೆಟ್ಟಿಲೇರಿದರು. ವಕೀಲರಾದ ಆನಂದ್ ಗ್ರೋವರ್ ವಾದಿಸಿದರು. ಗೆಳೆಯರು ಬೀದಿಗಿಳಿದರು. ಏಪ್ರಿಲ್‌ನಲ್ಲಿ ಡೊಮಿನಿಕ್ ಮನೆಗೆ ಮರಳಿದ. ‘ಇರಿಸಲೇಬೇಕು’ ಎಂದಿದ್ದ ಕಾನೂನು ‘ಇರಿಸಬಹುದು’ ಎಂದಾಯಿತು. ಆದರೆ ಅಂತಿಮ ತೀರ್ಪು ತಾಯಿಯ ಪರವಾಗಿ ಬರಲಿಲ್ಲ. ಒಬ್ಬನ ಸ್ವಾತಂತ್ರ್ಯಕ್ಕಿಂತ ಸಮುದಾಯದ ಹಿತವೇ ಮೇಲೆಂದು ನ್ಯಾಯಾಲಯ ಆ ಅಧಿಕಾರವನ್ನು ಎತ್ತಿಹಿಡಿಯಿತು. ಒಬ್ಬನ ಹಕ್ಕು ಮತ್ತು ಸಮುದಾಯದ ಆರೋಗ್ಯ ಎದುರುಬದುರಾದ ತಕ್ಕಡಿಯ ತಟ್ಟೆಗಳೆಂದು ಅಂದು ಬಹಳ ಜನ ನಂಬಿದ್ದರು.

ಡೊಮಿನಿಕ್ ಊರು ಬಿಟ್ಟು ಓಡಲಿಲ್ಲ, ಹೆಸರನ್ನೂ ಮರೆಮಾಡಲಿಲ್ಲ. ತನ್ನಂಥವರಿಗಾಗಿ ಗೆಳೆಯರೊಡನೆ ‘ಪಾಸಿಟಿವ್ ಪೀಪಲ್’ ಎಂಬ ಸಂಸ್ಥೆ ಕಟ್ಟಿದ. 1992ರ ಮೇ ತಿಂಗಳಲ್ಲಿ ತೀರಿಕೊಂಡ. 2005ರಲ್ಲಿ ತೆರೆಕಂಡ ‘ಮೈ ಬ್ರದರ್ ನಿಖಿಲ್’ ಎಂಬ ಹಿಂದಿ ಚಿತ್ರಕ್ಕೆ ಆತನ ಬದುಕೇ ಪ್ರೇರಣೆ.

ಆ ತಕ್ಕಡಿಯ ಲೆಕ್ಕ ತಪ್ಪೆಂದು ಕಾಲ ತೋರಿಸಿಕೊಟ್ಟಿತು. 2004ರ ಏಪ್ರಿಲ್ 1ರಿಂದ ಸರಕಾರ ಉಚಿತ ಎ.ಆರ್.ಟಿ. ಚಿಕಿತ್ಸೆ ಆರಂಭಿಸಿತು. ಸೋಂಕು ಹೆಚ್ಚಿದ್ದ ರಾಜ್ಯಗಳಿಗೆ ಅದು ಮೊದಲು ತಲುಪಿತು, ಅವುಗಳಲ್ಲಿ ಕರ್ನಾಟಕವೂ ಒಂದು. ಮಾತ್ರೆಗಳನ್ನು ದಿನವೂ ತಪ್ಪದೆ ನುಂಗುವವರ ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಇಳಿಯುತ್ತದೆ. ಆ ಮಟ್ಟ ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಅದು ದಾಟುವುದಿಲ್ಲ. ಚಿಕಿತ್ಸೆ ಪಡೆಯಬೇಕಾದರೆ ಮೊದಲು ಪರೀಕ್ಷೆಗೆ ಬರಬೇಕು. ಬರಬೇಕಾದರೆ ನಂಬಿಕೆ ಇರಬೇಕು. ಆ ನಂಬಿಕೆ ಹುಟ್ಟುವುದು ಹಕ್ಕುಗಳಿಂದ.

2017ರಲ್ಲಿ ಸಂಸತ್ತು ಒಪ್ಪಿ, 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆ ಇದನ್ನೇ ಹೇಳುತ್ತದೆ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಫಲಿತಾಂಶವನ್ನು ಗುಟ್ಟಾಗಿ ಇಡಬೇಕು. ಶಾಲೆಗೆ ಸೇರಿಸಿಕೊಳ್ಳಲು, ಕೆಲಸ ಕೊಡಲು ಪರೀಕ್ಷೆಯ ಷರತ್ತು ಹಾಕುವಂತಿಲ್ಲ. ಸೋಂಕಿರುವವರಿಗೂ ಹೊಣೆಯಿದೆ: ಇತರರಿಗೆ ದಾಟದಂತೆ ಅವರು ಎಚ್ಚರ ವಹಿಸಬೇಕು. ಇನ್ನೊಂದು ಕಲಮನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ಸೋಂಕು ತಗಲಿದ ಕುಟುಂಬವನ್ನು ನಿಭಾಯಿಸುವಷ್ಟು ತಿಳಿವಳಿಕೆಯಿರುವ, 12 ವರ್ಷ ತುಂಬಿದ ಅಕ್ಕನೋ ಅಣ್ಣನೋ ತನ್ನ ತಮ್ಮ ತಂಗಿಯರನ್ನು ಶಾಲೆಗೆ ಸೇರಿಸುವಾಗ ಪೋಷಕರ ಸ್ಥಾನದಲ್ಲಿ ನಿಲ್ಲಬಹುದು. ಏಳನೆಯ ತರಗತಿಯ ಹುಡುಗಿಯೊಬ್ಬಳು ತಮ್ಮನ ಕೈಹಿಡಿದು ಮುಖ್ಯೋಪಾಧ್ಯಾಯರ ಮೇಜಿನ ಮುಂದೆ ನಿಂತರೆ, ದೊಡ್ಡವರನ್ನು ಕರೆದುಕೊಂಡು ಬಾ ಎಂದು ಅವಳನ್ನು ಹಿಂದಕ್ಕೆ ಕಳಿಸುವ ಮೊದಲು ಈ ಕಲಮು ನೆನಪಾಗಬೇಕು.

ಅಂಥ ಮಗು ತರಗತಿಗೆ ಬಂದಿದೆಯೆಂಬ ಗುಸುಗುಸು ಹಬ್ಬಿದಾಗ ತಮ್ಮ ಮಕ್ಕಳ ಚಿಂತೆಯಿಂದ ಶಾಲೆಯ ಬಾಗಿಲಿಗೆ ಬರುವ ತಂದೆತಾಯಿಗಳೂ ಕೆಟ್ಟವರಲ್ಲ. 1989ರ ಗೋವಾದವರಂತೆ ಅವರೂ ಹೆದರಿದವರು. ವ್ಯತ್ಯಾಸ ಇಷ್ಟೇ: ಅಂದಿಗಿಂತ ಇಂದು ತಿಳಿಯಲು ದಾರಿಗಳು ಹೆಚ್ಚಿವೆ. 1097ಕ್ಕೆ ದೂರವಾಣಿ ಮಾಡಿ ಕೇಳಬಹುದು. ಅದೂ ಬೇಡವೆಂದರೆ, ಮನೆಯಲ್ಲಿರುವ ಮಗನ ಜೀವಶಾಸ್ತ್ರದ ಪಾಠವನ್ನು ಅವನ ಜೊತೆ ಕೂತು ಒಮ್ಮೆ ಓದಬಹುದು.