ಮುಡಿ ಕೊಟ್ಟವರು, ಮುಡಿ ಮುಚ್ಚಿದವರು

ಜಯನಗರದ ನಾಲ್ಕನೆಯ ಬ್ಲಾಕಿನ ಬಸ್ ನಿಲ್ದಾಣದ ಬಳಿ ಹೂವಿನವರು ಬುಟ್ಟಿ ಹರವಿಕೊಳ್ಳುವ ಹೊತ್ತಿಗೆ, ರಾತ್ರಿಯೆಲ್ಲ ಪ್ರಯಾಣ ಮಾಡಿ ತಿರುಪತಿಯಿಂದ ಮರಳಿದ ಕುಟುಂಬಗಳು ಒಂದೊಂದಾಗಿ ಬಂದಿಳಿಯುತ್ತವೆ. ಅವರನ್ನು ಗುರುತಿಸಲು ಲಾಡಿನ ಚೀಲವನ್ನೇ ನೋಡಬೇಕೆಂದಿಲ್ಲ. ಗಂಡಸರ ಬೋಳುತಲೆಗೆ ಹಚ್ಚಿದ ಗಂಧ ಒಣಗಿ ಬಿರುಕು ಬಿಟ್ಟಿರುತ್ತದೆ. ಮಕ್ಕಳ ತಲೆಯ ಮೇಲೆ ಹೊಸ ಟೋಪಿ. ಹೆಂಗಸರ ತಲೆಯ ಮೇಲೆ ಸೆರಗು, ಇಲ್ಲವೆ ದುಪ್ಪಟ್ಟ.

“ಬೆಟ್ಟಕ್ಕೆ ಹೋಗಿದ್ದಿರಾ ಅಮ್ಮಾ? ದರ್ಶನ ಚೆನ್ನಾಗಿ ಆಯ್ತಾ?” ಎಂದು ಹೂವಿನವಳು ಕೇಳುತ್ತಾಳೆ. ಕೇಳುವಾಗ ಅವಳ ಕಣ್ಣು ಮೊದಲು ಹೋಗುವುದು ಎದುರಿಗಿದ್ದಾಕೆಯ ಹಣೆಗೆ, ಅನಂತರ ಕೊರಳಿಗೆ. ಕುಂಕುಮವೂ ತಾಳಿಯೂ ಇದ್ದಲ್ಲಿಯೇ ಇರುವುದನ್ನು ಕಂಡ ಮೇಲೆಯೇ ಅವಳ ನಗೆ ಪೂರ್ಣವಾಗುವುದು.

ಆ ಒಂದು ನೋಟಕ್ಕೆ ಕಾರಣವಿದೆ. ಹಳೆಯ ಮೈಸೂರಿನ ಬ್ರಾಹ್ಮಣ ಮನೆಗಳಲ್ಲಿ ಬೋಳಿಸಿದ ತಲೆ, ಅದರ ಮೇಲೆ ಕೆಂಪು ಸೀರೆಯ ಸೆರಗು ಎಂದರೆ ವೈಧವ್ಯವೆಂದೇ ಅರ್ಥವಾಗಿತ್ತು. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿಯನ್ನು ಓದಿದವರಿಗೂ, ಪ್ರೇಮಾ ಕಾರಂತರು ಅದನ್ನು ತೆರೆಗೆ ತಂದಾಗ ಕಂಡವರಿಗೂ ಆ ಸೆರಗಿನ ಭಾರವೆಷ್ಟೆಂಬುದನ್ನು ವಿವರಿಸಬೇಕಾಗಿಲ್ಲ. ಬೆಟ್ಟಕ್ಕೆ ಹೋದರೂ ಇಂಥ ಮನೆಗಳ ಮುತ್ತೈದೆಯರು ಮೂರು ಕತ್ತರಿ ಕೂದಲನ್ನಷ್ಟೇ ಅರ್ಪಿಸಿ ಹರಕೆ ತೀರಿತೆಂದುಕೊಳ್ಳುವುದು ಅದಕ್ಕಾಗಿಯೇ. ಉಳಿದ ಅನೇಕ ಸಮುದಾಯಗಳಲ್ಲಿ ಆ ಅಂಜಿಕೆಯಿಲ್ಲ. ಮಗುವಿನ ಜ್ವರ ಇಳಿದರೆ, ಗಂಡನಿಗೆ ಕೆಲಸ ಸಿಕ್ಕಿದರೆ, ಮೊಣಕಾಲಿನವರೆಗೆ ಇಳಿದ ಜಡೆಯನ್ನಾದರೂ ಸರಿ, ಕಲ್ಯಾಣಕಟ್ಟೆಯಲ್ಲಿ ಕುಳಿತು ಪೂರ್ತಿಯಾಗಿ ಕೊಟ್ಟು ಏಳುತ್ತಾರೆ. ಮನೆಗೆ ಬಂದ ಮೇಲೆ ಅತ್ತೆಯ ಮುಖ ಎರಡು ದಿನ ಬಿಗಿದುಕೊಂಡಿದ್ದರೆ ಇರಲಿ. ಹರಕೆ ಹೊತ್ತವಳು ಅತ್ತೆಯಲ್ಲವಷ್ಟೆ.

ಸ್ವಾತಂತ್ರ್ಯದ ಮರುವರ್ಷ, 1948ರಲ್ಲಿ, ಆರಂಭವಾದ ಬಡಾವಣೆ ಜಯನಗರ. ಅಗಲವಾದ ರಸ್ತೆಗಳು, ಮರಗಳ ನೆರಳು, ನಡೆಯುವವರಿಗೆ ಅನುಕೂಲ. ಇಲ್ಲಿ ಒಂದು ಸಂಜೆ ಅಡ್ಡಾಡಿದರೆ ಹೆಣ್ಣಿನ ತಲೆಯ ಮೇಲಿನ ಬಟ್ಟೆಗೆ ಎಷ್ಟು ಅರ್ಥಗಳಿವೆಯೆಂಬುದು ಕಣ್ಣಿಗೇ ಕಾಣುತ್ತದೆ. ಮಾರುಕಟ್ಟೆಯಿಂದ ಪೂರ್ವಕ್ಕೆ ತಿರುಗಿ ತಿಲಕ್‌ನಗರವನ್ನು ಸೇರಿದರೆ ಕಪ್ಪು ಬುರ್ಖಾಗಳೂ ಬಣ್ಣಬಣ್ಣದ ಹಿಜಾಬುಗಳೂ. ಜೆ. ಪಿ. ನಗರದ ವಸತಿ ಸಮುಚ್ಚಯಗಳಲ್ಲಿ ಮಗನ ಮನೆಗೆಂದು ಬಂದ ವಿಜಯಪುರ, ಬಾಗಲಕೋಟೆಗಳ ತಾಯಂದಿರು ತಲೆಯ ಮೇಲಿನ ಸೆರಗನ್ನು ಲಿಫ್ಟಿನೊಳಗೂ ಸರಿಪಡಿಸಿಕೊಳ್ಳುತ್ತಾರೆ. ಅವರ ಸೀಮೆಯಲ್ಲಿ ಹಿರಿಯರೆದುರು ಸೆರಗು ಹೊದೆಯುವುದು ಮುತ್ತೈದೆಯ ಮರ್ಯಾದೆ. ಎದುರುಮನೆಯ ಹಳೆಯ ಮೈಸೂರಿನ ಅಜ್ಜಿಗೋ ಅದೇ ಸೆರಗು ಅಮಂಗಳವಾಗಿ ಕಂಡೀತು! ಇನ್ನು ಬನಶಂಕರಿಯಮ್ಮನ ಗುಡಿಯಲ್ಲಿ ರಾಹುಕಾಲದಲ್ಲಿ ನಿಂಬೆಹೋಳಿನ ದೀಪ ಹಚ್ಚುವ ಸಾಲನ್ನು ನೋಡಬೇಕು. ಅಲ್ಲಿ ತಲೆ ಮುಚ್ಚಿದವರು ಅಪರೂಪ. ಎಣ್ಣೆ ಹಚ್ಚಿ ಬಾಚಿದ ಜಡೆ, ಅದರ ತುಂಬ ಮಲ್ಲಿಗೆ. ದೇವಿಯ ಮುಂದೆ ನಿಲ್ಲಬೇಕಾದ ರೀತಿಯೇ ಅದು.

ಕಲ್ಯಾಣಕಟ್ಟೆಯಲ್ಲಿ ಕೊಟ್ಟ ಆ ಕೂದಲು ಎಲ್ಲಿಗೆ ಹೋಗುತ್ತದೆಂದು ಜಯನಗರದ ಬಸ್ಸಿನಲ್ಲಿ ಯಾರೂ ವಿಚಾರಿಸುವುದಿಲ್ಲ. ಕೊಟ್ಟದ್ದು ದೇವರಿಗೆ, ಅಲ್ಲಿಗೆ ಮುಗಿಯಿತು. ಆದರೆ ದೇವಸ್ಥಾನದವರು ಅದನ್ನು ಉದ್ದಕ್ಕನುಸಾರವಾಗಿ ವಿಂಗಡಿಸಿ ಹರಾಜು ಹಾಕುತ್ತಾರೆ. ಕೊಂಡವರು ತೊಳೆದು, ಬಾಚಿ, ಹೊರದೇಶಗಳಿಗೆ ಕಳುಹಿಸುತ್ತಾರೆ. ಅಲ್ಲಿ ಅದು ವಿಗ್ ಆಗುತ್ತದೆ. ನಮ್ಮ ನಾಟಕ ಕಂಪೆನಿಗಳ ಮಾತಿನಲ್ಲಿ ಟೋಪನ್. ಆ ವಿಗ್ಗುಗಳನ್ನು ಕೊಳ್ಳುವವರಲ್ಲಿ ನ್ಯೂಯಾರ್ಕ್, ಲಂಡನ್, ಜೆರೂಸಲೆಮ್‌ಗಳ ಆಚಾರವಂತ ಯೆಹೂದಿ ಗೃಹಿಣಿಯರೂ ಸೇರಿದ್ದರು.

ಯೆಹೂದಿ ಧರ್ಮಶಾಸ್ತ್ರದಂತೆ ಮದುವೆಯಾದ ಹೆಂಗಸು ತನ್ನ ಕೂದಲನ್ನು ಪರರಿಗೆ ತೋರಿಸಬಾರದು. ಕನ್ಯೆಗೆ ಆ ಕಟ್ಟಿಲ್ಲ. ಮದುವೆಯಾದಂದಿನಿಂದ ತಲೆಗೆ ಬಟ್ಟೆ. ಅವರ ತಾಲ್ಮುದ್ ಗ್ರಂಥದಲ್ಲಿ ಕಿಮ್ಹಿತ್ ಎಂಬಾಕೆಯ ಕಥೆ ಬರುತ್ತದೆ. ಆಕೆಯ ಏಳು ಮಕ್ಕಳೂ ಮಹಾಪುರೋಹಿತರಾಗಿ ಸೇವೆ ಸಲ್ಲಿಸಿದರಂತೆ. ಯಾವ ಪುಣ್ಯದಿಂದ ಇದು ಸಾಧ್ಯವಾಯಿತೆಂದು ಪಂಡಿತರು ಕೇಳಿದಾಗ, ತನ್ನ ಮನೆಯ ತೊಲೆಗಳು ಕೂಡ ತನ್ನ ಜಡೆಯನ್ನು ಕಂಡಿಲ್ಲವೆಂದು ಆಕೆ ಉತ್ತರಿಸಿದಳು. ಹಾಗೆ ಮಾಡಿದವರು ಬೇಕಾದಷ್ಟು ಮಂದಿಯಿದ್ದಾರೆ, ಅವರಿಗೇನೂ ಈ ಫಲ ದೊರೆಯಲಿಲ್ಲವಲ್ಲ ಎಂದು ಪಂಡಿತರು ಹೇಳಿಬಿಟ್ಟರು! ಮಡಿಯ ಬಲದ ಮೇಲೆ ಮಕ್ಕಳ ಏಳಿಗೆಯ ಲೆಕ್ಕ ಹಾಕುವ ನಮ್ಮ ಅಜ್ಜಿಯರು ಈ ಪಂಡಿತರನ್ನು ಒಪ್ಪುತ್ತಿದ್ದರೋ ಇಲ್ಲವೋ.

ಮುಚ್ಚುವ ಬಗೆಯಲ್ಲಿ ಅವರೊಳಗೇ ಭಿನ್ನಾಭಿಪ್ರಾಯವುಂಟು. ‘ಟಿಖೆಲ್’ ಎಂಬ ವಸ್ತ್ರವನ್ನು ಕಟ್ಟುವವರು ಕೆಲವರು, ಟೋಪಿ ಧರಿಸುವವರು ಕೆಲವರು, ‘ಶೈಟೆಲ್’ ಎಂಬ ವಿಗ್ಗನ್ನು ತೊಡುವವರು ಕೆಲವರು. ತಮ್ಮ ಕೂದಲನ್ನು ಇನ್ನೊಬ್ಬಳ ಕೂದಲಿನಿಂದ ಮರೆಮಾಡಿದರೆ ಮುಚ್ಚಿದಂತಾಯಿತೇ ಎಂಬ ಪ್ರಶ್ನೆ ಯಾರಿಗೂ ಹೊಳೆಯುವಂಥದು. ಅವರ ಗುರುಗಳಿಗೂ ಹೊಳೆದಿದೆ. ಜೆರೂಸಲೆಮ್ಮಿನ ರಬ್ಬಿ ಒವಾದಿಯಾ ಯೋಸೆಫ್ ವಿಗ್ಗನ್ನು ನಿಷೇಧಿಸಿದರು. ನ್ಯೂಯಾರ್ಕಿನ ಲುಬಾವಿಚ್ ಪಂಥದ ಗುರುಗಳು ಅದೇ ಮೇಲೆಂದರು. ಹಂಗೇರಿ ಮೂಲದ ಕೆಲವು ಪಂಗಡಗಳಲ್ಲಂತೂ ಹೆಂಗಸರು ಮದುವೆಯಾದೊಡನೆ ತಲೆಯನ್ನೇ ಬೋಳಿಸಿ ಬಟ್ಟೆ ಕಟ್ಟುತ್ತಾರೆ. ಅಲ್ಲಿ ಅದು ಸೌಭಾಗ್ಯದ ಗುರುತು. ಇಲ್ಲಿ ಅದೇ ತಲೆ, ಅದೇ ಬಟ್ಟೆ ಫಣಿಯಮ್ಮನ ಪಾಲಿಗೆ ಏನಾಗಿತ್ತೆಂಬುದು ತಿಳಿದೇ ಇದೆ.

2004ರಲ್ಲಿ ಈ ಎರಡು ಲೋಕಗಳು ಡಿಕ್ಕಿ ಹೊಡೆದುವು. ತಿರುಮಲೆಯಲ್ಲಿ ಕೊಡುವ ಕೂದಲು ವಿಗ್ರಹಕ್ಕೆ ಸಲ್ಲಿಸಿದ ನೈವೇದ್ಯವೇ ಎಂಬ ಸಂದೇಹ ಎದ್ದಿತು. ಹಾಗಿದ್ದಲ್ಲಿ ಅದನ್ನು ಮುಟ್ಟುವುದೂ ಯೆಹೂದಿಯರಿಗೆ ನಿಷಿದ್ಧ. ಲಂಡನ್ನಿನ ರಬ್ಬಿ ಡನ್ನರ್ ತಿರುಮಲೆಗೇ ಬಂದು ಕಣ್ಣಾರೆ ಕಂಡು ಹೋದರು. ಆ ವರ್ಷದ ಮೇ ತಿಂಗಳಲ್ಲಿ ಜೆರೂಸಲೆಮ್ಮಿನ ರಬ್ಬಿ ಎಲ್ಯಾಶಿವ್, ಇಂಥ ಕೂದಲಿನ ವಿಗ್ ಕೂಡದೆಂದು ತೀರ್ಪಿತ್ತರು. ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಬೀದಿಗಳಲ್ಲಿ ಸಾವಿರಾರು ಡಾಲರ್ ಬೆಲೆಬಾಳುವ ವಿಗ್ಗುಗಳನ್ನು ರಾಶಿ ಹಾಕಿ ಬೆಂಕಿಯಿಟ್ಟರು.

ಅದು ನೈವೇದ್ಯವೋ ಅಲ್ಲವೋ ಎಂದು ಮುಡಿ ಕೊಟ್ಟು ಬಂದ ಜಯನಗರದ ಗೃಹಿಣಿಯನ್ನು ಯಾವ ಪಂಡಿತನೂ ಕೇಳಿದಂತಿಲ್ಲ. ಕೇಳಿದ್ದರೆ ಆಕೆ ಬಹುಶಃ ಎರಡು ಉತ್ತರಗಳನ್ನೂ ಒಂದೇ ಉಸಿರಿನಲ್ಲಿ ಕೊಡುತ್ತಿದ್ದಳು: ಸ್ವಾಮಿಗೇ ಕೊಟ್ಟದ್ದು, ತನ್ನ ಪಾಪವೂ ಕಳೆಯಿತು, ಅಹಂಕಾರವೂ ಇಳಿಯಿತು. ಜೊತೆಗೆ ನೀಲಾದೇವಿಯ ಕಥೆಯನ್ನೂ ಹೇಳುತ್ತಿದ್ದಳು. ಗೋಪಾಲಕನೊಬ್ಬನ ಏಟಿನಿಂದ ಶ್ರೀನಿವಾಸನ ತಲೆಗೆ ಗಾಯವಾಗಿ ಒಂದಿಷ್ಟು ಜಾಗ ಬೋಳಾಯಿತು; ಅದನ್ನು ಕಂಡ ಗಂಧರ್ವ ಕನ್ಯೆ ನೀಲಾದೇವಿ ತನ್ನ ಕೂದಲನ್ನೇ ಕತ್ತರಿಸಿ ಅಲ್ಲಿ ಸೇರಿಸಿದಳು; ಭಕ್ತರು ಕೊಡುವ ಮುಡಿಯೆಲ್ಲ ನಿನಗೇ ಸೇರಲಿ ಎಂದು ಸ್ವಾಮಿ ವರವಿತ್ತನು. ಏಳು ಬೆಟ್ಟಗಳಲ್ಲೊಂದಾದ ನೀಲಾದ್ರಿಗೆ ಆಕೆಯದೇ ಹೆಸರು. ಒಬ್ಬಳ ಕೂದಲು ಇನ್ನೊಂದು ತಲೆಯನ್ನು ಮುಚ್ಚಿದ ಕಥೆ ತಿರುಮಲೆಗೆ ಹೊಸದೇನಲ್ಲ.

ಬೆಂಗಳೂರಿನಲ್ಲಿಯೂ ಯೆಹೂದಿಯರು ಬಾಳಿದ್ದಾರೆ. ಆದರೆ ಅವರಿಗೊಂದು ಪ್ರಾರ್ಥನಾಮಂದಿರ ಏಳಲೇ ಇಲ್ಲ. ಬನಶಂಕರಿಯಿಂದ ಕೆಲವೇ ಮೈಲಿ ದೂರದ ಮೈಸೂರು ರಸ್ತೆಯಲ್ಲಿ 1904ರಷ್ಟು ಹಿಂದಿನ ಅವರ ಸ್ಮಶಾನವಿದೆ. ಕೊಂಕಣ ಕರಾವಳಿಯ ಮೂಲದ ಬೆನೆ ಇಸ್ರೇಲ್ ಸಮುದಾಯದ ಹೆಂಗಸರು ಸೀರೆಯುಟ್ಟು, ಮಂಗಳಸೂತ್ರ ಧರಿಸಿ, ಪ್ರಾರ್ಥನೆಯ ವೇಳೆ ಸೆರಗನ್ನೇ ತಲೆಗೆ ಹೊದೆಯುತ್ತಿದ್ದರು. ಅಂಥವಳೊಬ್ಬಳು ಈ ಬಸ್ ನಿಲ್ದಾಣದಲ್ಲಿ ನಿಂತಿದ್ದರೆ ಹೂವಿನವಳು ಆಕೆಯನ್ನೂ ಬೆಟ್ಟದ ದರ್ಶನ ಹೇಗಾಯಿತೆಂದೇ ಕೇಳುತ್ತಿದ್ದಳು.

ತಲೆಯ ಬಟ್ಟೆಯ ಪ್ರಶ್ನೆ ಈ ನಾಡಿನಲ್ಲಿ ನ್ಯಾಯಾಲಯದವರೆಗೂ ಹೋಗಿದೆ. ತರಗತಿಗಳಲ್ಲಿ ಹಿಜಾಬನ್ನು ತಡೆದ ಸರಕಾರದ ಆದೇಶವನ್ನು 2022ರ ಮಾರ್ಚ್ 15ರಂದು ಹೈಕೋರ್ಟ್ ಎತ್ತಿಹಿಡಿಯಿತು. ಅದೇ ವರ್ಷದ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಪರಸ್ಪರ ಭಿನ್ನವಾದ ತೀರ್ಪುಗಳನ್ನಿತ್ತರು. ತಿಲಕ್‌ನಗರದ ಹುಡುಗಿಯರು ಆ ದಿನಗಳಲ್ಲಿ ಕಾಲೇಜಿನ ಬಾಗಿಲನ್ನು ಯಾವ ಮನಸ್ಸಿನಿಂದ ನೋಡಿದರೋ, ಅವರೇ ಹೇಳಬೇಕು.

ಬೆಟ್ಟದಿಂದ ಬಂದಾಕೆ ಕೆಲವು ವಾರ ಸೆರಗು ಹೊದ್ದೇ ತರಕಾರಿಗೆ ಬರುತ್ತಾಳೆ. ಆಮೇಲೆ ಒಂದು ದಿನ ಸೆಕೆಯೆಂದೋ ಮರೆತೋ ಹಾಗೆಯೇ ಬರುತ್ತಾಳೆ. ಬೆರಳುದ್ದದ ಕೂದಲು, ಹಣೆಯ ತುಂಬ ಕುಂಕುಮ. “ಒಂದು ಮೊಳ ಕೊಡಮ್ಮ” ಎನ್ನುತ್ತಾಳೆ. “ಮುಡಿಯೋದು ಎಲ್ಲಮ್ಮಾ?” ಎಂದು ಹೂವಿನವಳು ನಗುತ್ತಾಳೆ. “ದೇವರಿಗೆ” ಎಂದು ಅವಳೂ ನಗುತ್ತಾಳೆ.