ನವಮಿಯ ಮುನ್ನಾದಿನ, ಅಂಗಳದಲ್ಲಿ ಕಾರು

ಬೆಳಿಗ್ಗೆ ಏಳೂವರೆ. ಮರವಂತೆಯಿಂದ ತುಸು ಒಳಗೆ, ಸೋದರತ್ತೆಯ ಮನೆಯಂಗಳದಲ್ಲಿ ನೀವು ಬರಿಗಾಲಲ್ಲಿ ನಿಂತಿದ್ದೀರಿ. ನಾಳೆ ಆಯುಧಪೂಜೆ. ಮಳೆ ಹಿಂದೆ ಸರಿದಿದ್ದರೂ ಅಂಗಳದ ಕಲ್ಲುಗಳ ಮೇಲಿನ ಪಾಚಿ ಇನ್ನೂ ಒಣಗಿಲ್ಲ, ಹೆಜ್ಜೆ ಜಾರುತ್ತದೆ. ಮನೆಯ ಪಡುವಣ ಬದಿಯ ನೆರಳಿನಲ್ಲಿ ಕಡುನೀಲಿ ಕಾರು ನಿಂತಿದೆ, ಸೊಂಟದವರೆಗೆ ಕೆಮ್ಮಣ್ಣು ಮೆತ್ತಿಕೊಂಡು.

ಅತ್ತೆಯ ಮೊಮ್ಮಗ ಹಳೆಯ ಬೈರಾಸನ್ನು ನೀರಿನಲ್ಲಿ ಅದ್ದಿ ಬಾನೆಟ್ಟಿನ ಮೇಲೆ ಕೈಯಿಡುವವನಿದ್ದ.

“ಅಲ್ಲೇ ನಿಲ್ಲು ಮಾಣಿ! ಉಜ್ಜಬೇಡ.”

“ಎಂತಕ್ಕೆ ಅಜ್ಜಿ? ಕೊಳೆ ಹೋಗಬೇಕಲ್ಲ?”

“ಮೊದಲು ನೀರು ಹೋಗಲಿ ಅದರ ಮೇಲೆ.”

ಬಾವಿಯ ಪಂಪು ಚಾಲೂ ಆಗುತ್ತದೆ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ನೀವು ಕಾರಿನ ಮಾಡಿನಿಂದ ಕೆಳಕ್ಕೆ ನೀರು ಬಿಡುತ್ತೀರಿ. ಚಕ್ರದ ಮೇಲಿನ ಕಮಾನಿನೊಳಗಿಂದ ಕೆಂಪು ನೀರು ಬುಳುಬುಳು ಇಳಿಯುತ್ತದೆ, ನಿಲ್ಲುವ ಲಕ್ಷಣವೇ ಇಲ್ಲ. “ಮೇಲೆ ಸಾಕು, ಅಡಿಗೆ ಹಿಡಿ” ಎನ್ನುತ್ತಾರೆ ಅತ್ತೆ. ಅವರಿಗೆ ಗೊತ್ತು. ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ. ಮಳೆಗಾಲದ ಗಾಳಿಗೆ ತೆರೆಯ ಹನಿ ರಸ್ತೆಯವರೆಗೂ ಹಾರುತ್ತದೆ. ಆ ಹನಿಯ ಉಪ್ಪು, ಗಾಳಿಯ ತೇವವನ್ನು ಎಳೆದುಕೊಂಡು ತಗಡನ್ನು ಆರಲು ಬಿಡುವುದಿಲ್ಲ. ತುಕ್ಕು ಶುರುವಾಗುವುದು ನಾವು ದಿನಾ ನೋಡುವ ಬಾನೆಟ್ಟಿನಿಂದಲ್ಲ. ಕಲ್ಲು ಸಿಡಿದು ಬಣ್ಣ ಎದ್ದ ಚುಕ್ಕೆಗಳಿಂದ, ಬಾಗಿಲಿನ ಕೆಳ ಅಂಚಿನಿಂದ, ಯಾರೂ ಬಗ್ಗಿ ನೋಡದ ಅಡಿಭಾಗದಿಂದ. ಕರಾವಳಿಯ ಕಾರಿಗೆ ಅಡಿಯ ಸ್ನಾನವೇ ದೊಡ್ಡ ಸ್ನಾನ ಎಂದು ನಾನು ನಂಬಿದ್ದೇನೆ.

ಈಗ ಡಿಕ್ಕಿಯ ಬಾಗಿಲಿಗೆ ಮೊಬೈಲಿನ ಟಾರ್ಚು ಹಿಡಿದು ನೋಡಿ. ಬೆಳಕಿನ ಸುತ್ತ ಜೇಡರ ಬಲೆಯಂತೆ ನೂರಾರು ಸಣ್ಣ ಗೀರುಗಳು ಕಾಣುತ್ತವೆ. ಬೆಳಬೆಳಿಗ್ಗೆ ಒಣ ಬಟ್ಟೆಯಿಂದ ಧೂಳು ಒರೆಸುವ ಅಭ್ಯಾಸ ಬರೆದದ್ದು ಅದು. ಸಾಮಾನ್ಯ ಕಾರಿನ ಬಣ್ಣದ ಎಲ್ಲ ಪದರ ಸೇರಿ ಸುಮಾರು 100ರಿಂದ 120 ಮೈಕ್ರಾನ್ ದಪ್ಪ. ಮೇಲಿನ ಪಾರದರ್ಶಕ ಪದರ ಅದರಲ್ಲಿ ಅರ್ಧಕ್ಕೂ ಕಡಿಮೆ. ತಲೆಗೂದಲಿಗಿಂತ ತೆಳುವಾದ ಈ ಹೊದಿಕೆಯೇ ಬಿಸಿಲು, ಉಪ್ಪು, ಹಕ್ಕಿಯ ಹಿಕ್ಕೆ ಎಲ್ಲವನ್ನೂ ತಡೆಯಬೇಕು. ಕೆಮ್ಮಣ್ಣಿನೊಳಗಿನ ಮರಳಿನ ಕಣವೋ ಅದಕ್ಕಿಂತ ಎಷ್ಟೋ ಗಟ್ಟಿ. ಕಣವನ್ನು ನೀರಿನಿಂದ ಇಳಿಸದೆ ಬಟ್ಟೆ ಎಳೆದರೆ, ಗೀರುವುದು ನಮ್ಮದೇ ಕೈ.

ಎರಡು ಬಕೆಟ್ ಬರುತ್ತವೆ. ಒಂದರಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಪಾತ್ರೆ ತೊಳೆಯುವ ದ್ರಾವಣ ಇಲ್ಲಿ ಬೇಡ, ಅದು ಜಿಡ್ಡಿನ ಜೊತೆ ಹಳೆಯ ಮೇಣವನ್ನೂ ತೊಳೆದುಬಿಡುತ್ತದೆ. ಮೈಕ್ರೋಫೈಬರ್ ಬಟ್ಟೆಯನ್ನು ನೊರೆಯಲ್ಲಿ ಅದ್ದಿ, ಮಾಡಿನ ಒಂದು ಭಾಗವನ್ನು ಒತ್ತದೆ ನೇರವಾಗಿ ಒರೆಸಿ, ಬಟ್ಟೆಯನ್ನು ಬರೀ ನೀರಿನಲ್ಲಿ ಜಾಲಾಡಿಸಿ, ಮತ್ತೆ ನೊರೆಗೆ. ಸ್ವಲ್ಪ ಹೊತ್ತಿಗೆ ಬರೀ ನೀರಿನ ಬಕೆಟ್ಟಿನ ತಳದಲ್ಲಿ ಕೈಯಾಡಿಸಿ ನೋಡಿ, ಬೆರಳಿಗೆ ಮರಳು ತಾಗುತ್ತದೆ. ಬಾಗಿಲಿನ ಕೆಳಭಾಗ ಕೊನೆಗೆ. ಚಕ್ರಕ್ಕೆ ಬೇರೆಯೇ ಬಟ್ಟೆ.

ಮಾಡಿನ ಮೇಲೆ ಹಿಕ್ಕೆಯೊಂದು ಗಟ್ಟಿಯಾಗಿ ಕೂತಿದೆ. ಮೊಮ್ಮಗನ ಉಗುರು ಮುಂದೆ ಬರುತ್ತದೆ. ಅತ್ತೆ ಕೈ ಸರಿಸಿ ಒದ್ದೆ ಬಟ್ಟೆ ಹೊದಿಸುತ್ತಾರೆ. ಹತ್ತು ನಿಮಿಷ ನೆನೆದರೆ ತಾನಾಗಿ ಏಳುತ್ತದೆ. ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿದೆ, ಬಿಸಿಲಿಗೆ ಕಾದ ತಗಡಿನ ಮೇಲೆ ಅದು ಬಣ್ಣವನ್ನು ತಿನ್ನುತ್ತದೆ, ಹಾಗಾಗಿ ಅದಕ್ಕೆ ಹಬ್ಬದವರೆಗೆ ಕಾಯಬಾರದು. ಹಿಂದಿನ ಚಕ್ರದ ಪಕ್ಕ ಡಾಂಬರಿನ ಕರಿ ಚುಕ್ಕೆಗಳಿವೆ. ಬಟ್ಟೆಯ ಮೂಲೆಗೆ ಒಂದಿಷ್ಟು ಸೀಮೆಎಣ್ಣೆ ಮುಟ್ಟಿಸಿ ತೆಗೆದು, ಆ ಜಾಗವನ್ನು ಕೂಡಲೇ ಶಾಂಪೂವಿನಿಂದ ತೊಳೆಯುತ್ತೀರಿ.

ಬಾವಿ ನೀರು ಮೈಮೇಲೆ ಒಣಗಿದರೆ ಕಲೆ ಕೂರುತ್ತದೆ. ಆದ್ದರಿಂದ ತೊಳೆದ ಬೆನ್ನಿಗೇ ಒಣ ಮೈಕ್ರೋಫೈಬರ್ ಟವೆಲನ್ನು ಹಾಸಿ ನಿಧಾನ ಎಳೆಯಬೇಕು. ನಂತರ ಮೇಣ. ಡಬ್ಬಿಯಲ್ಲಿರುವುದು ಬ್ರೆಜಿಲಿನ ಒಂದು ಜಾತಿಯ ತಾಳೆಮರದ ಎಲೆಯಿಂದ ಬರುವ ಕಾರ್ನೌಬಾ. ತಣ್ಣಗಿರುವ ತಗಡಿಗೆ ತೆಳುವಾಗಿ ಸವರಿ, ಮಸುಕಾದ ಮೇಲೆ ಉಜ್ಜಿ ತೆಗೆಯುತ್ತೀರಿ. ದಪ್ಪ ಬಳಿದರೆ ಹೊಳಪು ಹೆಚ್ಚುವುದಿಲ್ಲ, ಒರೆಸುವ ಕಷ್ಟ ಮಾತ್ರ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ಈ ಮೇಣ ಬಹುಕಾಲ ನಿಲ್ಲುವುದಿಲ್ಲ. ನೀರು ಮುತ್ತಾಗಿ ಉರುಳದೆ ಹಾಳೆಯಂತೆ ಹರಡತೊಡಗಿದಾಗ ಮತ್ತೆ ಹಚ್ಚಬೇಕು. ಸಾವಿರಾರು ರೂಪಾಯಿಯ ಸೆರಾಮಿಕ್ ಲೇಪನ ಹೆಚ್ಚು ಬಾಳುತ್ತದೆ, ನಿಜ. ಆದರೆ ತೊಳೆಯುವ ಕೈ ಬದಲಾಗದಿದ್ದರೆ ಅದರ ಮೇಲೂ ಗೀರು ಬೀಳುತ್ತದೆ.

ಹನ್ನೊಂದರ ಹೊತ್ತಿಗೆ ಬಿಸಿಲು ಅಂಗಳಕ್ಕೆ ಇಳಿದಿದೆ. ಈಗ ನಾಲ್ಕೂ ಬಾಗಿಲು ತೆರೆಯಿರಿ. ಮುಚ್ಚಿಟ್ಟ ಹಳೆಯ ಪೆಟ್ಟಿಗೆಯ ವಾಸನೆ ಮುಖಕ್ಕೆ ಹೊಡೆಯುತ್ತದೆ. ಸೀಟಿನ ಹೊಲಿಗೆಯಲ್ಲಿ, ಸ್ಟೀರಿಂಗಿನ ಹಿಂಬದಿಯಲ್ಲಿ, ಸೀಟ್ ಬೆಲ್ಟಿನ ಮೇಲೆ ಬಿಳಿ ಬೂಷ್ಟು. ಹೊರಗಿನ ಹೊಳಪಿಗಿಂತ ನನಗೆ ಈ ಕೆಲಸ ಮುಖ್ಯ, ಏಕೆಂದರೆ ಇದನ್ನು ಮನೆಮಂದಿ ಉಸಿರಾಡುತ್ತಾರೆ.

ಬೂಷ್ಟು ಒರೆಸುವ ಮೊದಲು ತೇವ ಎಲ್ಲಿಂದ ಬಂತೆಂದು ಹುಡುಕಬೇಕು. ಮ್ಯಾಟು ಎತ್ತಿ ಕಾರ್ಪೆಟ್ಟನ್ನು ಅಂಗೈಯಲ್ಲಿ ಒತ್ತುತ್ತೀರಿ. ಎಡಗಡೆ ನೀರು ಒಸರುತ್ತದೆ. ಅತ್ತೆ ಬಾನೆಟ್ ಎತ್ತಿ ಮುಂಗಾಜಿನ ಬುಡಕ್ಕೆ ಬೆರಳು ಹಾಕುತ್ತಾರೆ. ಕೊಳೆತ ಹಲಸಿನೆಲೆಗಳ ಮುದ್ದೆ ಕೈಗೆ ಬರುತ್ತದೆ. ಮಳೆನೀರು ಹರಿದುಹೋಗುವ ದಾರಿ ಕಟ್ಟಿಕೊಂಡು, ನೀರು ಒಳಗೆ ನುಗ್ಗಿದೆ. ಎಲೆ ತೆಗೆದು ಆ ತೋಡಿಗೆ ಒಂದು ಚೊಂಬು ನೀರು ಹೊಯ್ದರೆ ಚಕ್ರದ ಹಿಂದಿನಿಂದ ಸರಾಗ ಇಳಿಯುತ್ತದೆ. ಅಲ್ಲಿ ಪೈಪಿನ ರಭಸ ಬೇಡ, ಪಕ್ಕದಲ್ಲೇ ವಿದ್ಯುತ್ ತಂತಿಗಳಿವೆ.

ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಬಿಳಿ ವಿನೆಗರಿಗೆ ಸಮ ನೀರು ಬೆರೆಸಿ, ಮೊದಲು ಸೀಟಿನ ಕಾಣದ ಮೂಲೆಯಲ್ಲಿ ಹಚ್ಚಿ ಬಣ್ಣ ಬಿಡುತ್ತದೆಯೇ ನೋಡಿ, ಆಮೇಲೆ ಒದ್ದೆ ಬಟ್ಟೆಯಿಂದ ಬೂಷ್ಟು ಒರೆಸಿ. ಒಣಗಿದ್ದಾಗ ಕೊಡವಿದರೆ ಅದರ ಪುಡಿಯೆಲ್ಲ ಕಾರಿನೊಳಗೇ ಹಾರುತ್ತದೆ. ಬೆಲ್ಟನ್ನು ಪೂರ್ತಿ ಹೊರಗೆಳೆದು, ಹಿಂದೆ ಸರಿಯದಂತೆ ಬಟ್ಟೆಯ ಕ್ಲಿಪ್ ಹಾಕಿ, ಸೌಮ್ಯ ಸೋಪುನೀರಿನಲ್ಲಿ ತೊಳೆಯುತ್ತೀರಿ. ಬ್ಲೀಚು ಮುಟ್ಟಿಸಬಾರದು, ಪ್ರಾಣ ಹಿಡಿಯುವ ನೂಲು ಅದು. ಮುಂದಿನ ಸೀಟಿನಡಿಯ ಹಳದಿ ಪ್ಲಗ್ಗಿನ ಹತ್ತಿರವೂ ನೀರು ಬೇಡ, ಅದು ಸುರಕ್ಷಾ ವ್ಯವಸ್ಥೆಯ ತಂತಿ. ಡ್ಯಾಶ್‌ಬೋರ್ಡಿಗೆ ಹಿಂಡಿದ ಬಟ್ಟೆ ಸಾಕು. ಹೊಳೆಯುವ ಪಾಲಿಶು ಮುಂಗಾಜಿನಲ್ಲಿ ಪ್ರತಿಫಲಿಸಿ ಕಣ್ಣು ಕುಕ್ಕುತ್ತದೆ. ಕಾರ್ಪೆಟ್ಟಿನ ಅಂಚು ಎತ್ತಿ, ಅಡಿಗೆ ಕಾಗದ ತುರುಕಿ, ಮೂರರವರೆಗೂ ಬಾಗಿಲು ತೆರೆದಿಡಿ. ಮುಂದಕ್ಕೆ ಒಂದು ರೂಢಿ: ಮನೆ ಹತ್ತಿರ ಬಂದಾಗ ಏಸಿಯ ತಂಪು ನಿಲ್ಲಿಸಿ ಫ್ಯಾನು ಮಾತ್ರ ಓಡಿಸಿದರೆ, ಒಳಗಿನ ತಣ್ಣನೆಯ ಕಾಯಿಲ್ ಆರುತ್ತದೆ.

ಮೊಮ್ಮಗ ಹಿಡಿಸೂಡಿ ಕಡ್ಡಿಯಿಂದ ಬಾಗಿಲಿನ ಕೆಳಗಿನ ನೀರು ಬಸಿಯುವ ತೂತುಗಳನ್ನು ಚುಚ್ಚುತ್ತಿದ್ದಾನೆ. ಕಟ್ಟಿದ ಮಣ್ಣು ಬಿದ್ದದ್ದೇ ಕಂದು ನೀರು ಸುರಿಯುತ್ತದೆ.

“ಅಜ್ಜಿ, ನಾಳೆ ಬಾನೆಟ್ ಮೇಲೆ ಕುಂಕುಮದಲ್ಲಿ ಸ್ವಸ್ತಿಕ ಬರೀತೇನೆ.”

“ಗಾಜಿನ ಮೇಲೆ ಬರಿ, ಎದುರು ಕಾಣುವಷ್ಟು ಜಾಗ ಬಿಟ್ಟು. ಬಾನೆಟ್ಟಿಗೆ ಹೂವು ಸಾಕು. ಆರತಿ ತಟ್ಟೆ ಅದರ ಮೇಲೆ ಇಡುವುದು ಬೇಡ. ಸಂಜೆ ಹೂ ತೆಗೆದು, ಕುಂಕುಮಕ್ಕೆ ನೀರು ಹಾಕಿಯೇ ಒರೆಸು, ಒಣ ಬಟ್ಟೆ ತರಬೇಡ.”

“ಆಯ್ತು. ಚಕ್ರಕ್ಕೆ ಲಿಂಬೆ?”

“ಅದಕ್ಕೆಂತ, ನಾಲ್ಕೂ ಇಡು.”